ಸತ್ತ ಸುಣ್ಣ ಮತ್ತೆ ಕುದಿಯಿತು

ಅರಿಶಿನಕ್ಕೆ ಸುಣ್ಣದ ನೀರು ಬಿಟ್ಟೆ. ಕೆಂಪಾಗಲಿಲ್ಲ.

ಇನ್ನೊಂದು ಬೊಗಸೆ ಬಿಟ್ಟು, ರಾಗಿ ಹಿಟ್ಟು ನಾದುವ ಹಾಗೆ ಅಂಗೈಯಿಂದ ಒತ್ತಿ ಒತ್ತಿ ಕಲಸಿದೆ. ಆಗಲೂ ಇಲ್ಲ. ಹಳದಿ ಹಳದಿಯಾಗಿಯೇ ಉಳಿದು ಕೆಸರಿನಂತೆ ಹರಿವಾಣಕ್ಕೆ ಅಂಟಿಕೊಂಡಿತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಆಷಾಢದ ಕೊನೆಯ ಶುಕ್ರವಾರಕ್ಕೆ ನಮ್ಮೂರ ಗಂಗಮ್ಮನ ಅರ್ಚನೆಯ ಕುಂಕುಮ ಕೂಡಿಸುವುದು ನನ್ನ ಕೈಯ ಕೆಲಸ. ಒಂದು ವರ್ಷವೂ ಅಮ್ಮ ಹೀಗೆ ಮುಖ ತಿರುಗಿಸಿದ್ದಿಲ್ಲ.

ನಮ್ಮ ಕಡೆ ಅಂಗಡಿಯ ಕುಂಕುಮ ಗಂಗಮ್ಮನ ಪಾದಕ್ಕೆ ಹೋಗುವುದಿಲ್ಲ. ಅರಿಶಿನದ ಕೊಂಬು ಬಿಸಿಲಿಗೆ ಹಾಕಿ, ಕುಟ್ಟಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಸುಣ್ಣವನ್ನು ನೀರಿಗೆ ಹಾಕಿ, ಹಾಲಿನಷ್ಟು ತೆಳ್ಳಗೆ ಮಾಡಿ ಸೋಸಬೇಕು. ಆ ನೀರನ್ನು ಚಿಮುಕಿಸುತ್ತಾ ಕಲಸಿದರೆ ಅಂಗೈ ಕೆಳಗೇ ಅರಿಶಿನ ಕೆಂಪು ತಿರುಗುತ್ತದೆ. ಎರಡು ದಿನ ನೆರಳಿನಲ್ಲಿ ಒಣಗಿಸಿ, ಎರಡು ತೊಟ್ಟು ಎಳ್ಳೆಣ್ಣೆ ಹಾಕಿ ಉಜ್ಜಿದರೆ ಕುಂಕುಮ. ಈ ಮನೆ ಕುಂಕುಮ ತಿಂಗಳುಗಳು ಕಳೆದಂತೆ ಮಾಸುತ್ತದೆ. ಅದಕ್ಕೇ ವರ್ಷ ವರ್ಷ ಹೊಸದು ಬೇಕು.

ಅತ್ತೆ ಪಡಸಾಲೆಯಿಂದಲೇ ಹರಿವಾಣ ನೋಡಿದರು.

"ಮಡಿ ಕೆಟ್ಟಿರ್ಬೇಕು. ಸ್ನಾನ ಆದ್ಮೇಲೆ ಹಾಸಿಗೆ ಮುಟ್ಟಿದ್ಯಾ?"

"ಇಲ್ಲ ಅತ್ತೆ. ತಲೆಗೆ ನೀರು ಹಾಕ್ಕೊಂಡು ನೆಟ್ಟಗೆ ಇಲ್ಲಿಗೇ ಬಂದಿದ್ದು."

"ಹಂಗಾದ್ರೆ ಮನಸ್ಸಲ್ಲಿ ಏನೋ ಮುಟ್ಟಿರ್ತೀಯ" ಎಂದು ಅವರು ಒಳಗೆ ಹೋದರು.

ನನಗೆ ಸುಣ್ಣದ ಮೇಲೆ ಅನುಮಾನ. ಸೈಕಲ್ಲಿನಲ್ಲಿ ಕಪ್ಪೆಚಿಪ್ಪಿನ ಸುಣ್ಣ ತರುತ್ತಿದ್ದವನು ಈ ವರ್ಷ ಬರಲೇ ಇಲ್ಲ. ಗಡಿಗೆಯಲ್ಲಿ ಉಳಿದಿದ್ದ ಹೋದ ವರ್ಷದ್ದನ್ನೇ ತೆಗೆದುಕೊಂಡಿದ್ದೆ. ಗಡಿಗೆಯ ಮುಚ್ಚಳ ಒಡೆದಿತ್ತು, ಸುಣ್ಣ ಒಣಗಿ ಬಿರುಕು ಬಿಟ್ಟಿತ್ತು. ನೋಡಲು ಬೆಳ್ಳಗೇ ಇತ್ತು. ಬೆಳ್ಳಗಿದ್ದದ್ದೆಲ್ಲ ಸುಣ್ಣ ಎಂದುಕೊಂಡಿದ್ದವಳು ನಾನು.

ಗೌನಿಪಲ್ಲಿಯ ಅಂಗಡಿಯಲ್ಲಿ ಗೋಡೆಗೆ ಬಳಿಯುವ ಸುಣ್ಣ ಸಿಗುತ್ತದೆ. ಅದರಲ್ಲಿ ನೀಲಿ, ಅಂಟು ಬೆರೆಸಿರುತ್ತಾರೆ. ಎಲೆಅಡಿಕೆಯ ಸುಣ್ಣಕ್ಕೆ ಸೆಂಟು ಹಾಕಿರುತ್ತಾರೆ. ಎರಡೂ ದೇವರಿಗಾಗುವುದಿಲ್ಲ. ಅವತ್ತು ಸೋಮವಾರ. ಶುಕ್ರವಾರಕ್ಕೆ ಮುಂಚೆ ಎರಡು ದಿನ ಒಣಗಬೇಕು. ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಪಕ್ಕದ ಮನೆಯಿಂದ ನನ್ನ ಓರಗಿತ್ತಿ ಬಂದಳು. ಮೈದುನನ ಹೆಂಡತಿ, ನನಗಿಂತ ಹತ್ತು ವರ್ಷ ಚಿಕ್ಕವಳು.

"ಸುಣ್ಣಕ್ಕೆ ಹೋಗಿ ಹಿಂಗೆ ಕೂತಿದ್ಯಾ ಅಕ್ಕಾ? ನಮ್ ಷೆಡ್ಡಲ್ಲಿ ಬೇಕಾದಷ್ಟು ಬಿದ್ದೈತೆ, ಬಾ."

ಅವರ ಮನೆ ಹಿಂದಿನ ಷೆಡ್ಡನ್ನು ಮಾವಿನ ಕಾಲಕ್ಕೆ ಒಬ್ಬ ವ್ಯಾಪಾರಿಗೆ ಕೊಡುತ್ತಾರೆ. ಕಾಯಿ ಇಳಿಸುವುದು, ಹುಲ್ಲು ಹಾಸಿ ಮಾಗಿಸುವುದು, ಕ್ರೇಟಿಗೆ ತುಂಬುವುದು ಎಲ್ಲ ಅಲ್ಲೇ. ಗಡಿಯಾಚೆಯ ಆಂಧ್ರದಿಂದ ಬಂದ ಗಂಡ ಹೆಂಡತಿ ಇಬ್ಬರು ಅದನ್ನು ನೋಡಿಕೊಳ್ಳುತ್ತಾ ಅಲ್ಲೇ ಒಂದು ಮೂಲೆಯಲ್ಲಿ ಇದ್ದರು. ಆ ಹುಡುಗಿ ಏಳು ತಿಂಗಳ ಬಸುರಿ. ಚೊಚ್ಚಲು. ನಮ್ಮ ಮನೆಯ ಹುಳಿ ಎಂದರೆ ಆಸೆಪಡುತ್ತಾಳೆಂದು ವಾರಕ್ಕೆರಡು ಸಲ ಒಂದು ಲೋಟ ಕಳಿಸುತ್ತಿದ್ದೆ.

ಮಾವೆಲ್ಲ ಖಾಲಿಯಾಗುತ್ತಾ ಬಂದಿತ್ತು. ನೆಲದ ತುಂಬ ಮುದುಡಿದ ಕಾಗದದ ಪೊಟ್ಟಣಗಳು. ಬಿಚ್ಚಿ ನೋಡಿದರೆ ಒಳಗೆ ನುಣ್ಣನೆಯ ಬಿಳಿ ಪುಡಿ, ನಡುನಡುವೆ ಕಡಲೆ ಗಾತ್ರದ ಬೂದು ಹರಳು.

"ಏನಪ್ಪಾ ಇದು?" ಎಂದೆ.

"ಸುನ್ನಂ ಅಮ್ಮಾ. ಚೀಮಲು ರಾಕುಂಡಾ ಪೆಟ್ಟಿನಾಂ" ಎಂದ ಅವನು. ಸುಣ್ಣ, ಇರುವೆ ಬರದಿರಲಿ ಎಂದು ಇಟ್ಟದ್ದು. ಆಮೇಲೆ ನಾವು ಡಬ್ಬಿಗೆ ತುಂಬುವುದನ್ನು ನೋಡಿ, "ಗೋಡಲಕಾ?" ಎಂದು ಕೇಳಿದ. ಗೋಡೆಗಾ ಎಂದು.

ಗಂಗಮ್ಮನ ಕುಂಕುಮ ಕೂಡುವವರೆಗೂ ಅದರ ಹೆಸರೆತ್ತಬಾರದು, ದೃಷ್ಟಿಯಾಗುತ್ತದೆ ಎಂಬುದು ನಮ್ಮೂರ ನೇಮ. ಓರಗಿತ್ತಿ ನನ್ನ ಮುಖ ನೋಡಿ ನಕ್ಕು, "ಹೂಂ, ಗೋಡೆಗೇ" ಎಂದಳು. ಅವನು ಕ್ರೇಟಿನ ಕಡೆ ತಿರುಗಿದ. ಅವನೊಂದು ಮುಚ್ಚಿಟ್ಟ, ನಾವೊಂದು ಮುಚ್ಚಿಟ್ಟೆವು.

ಮಂಗಳವಾರ ಹಿತ್ತಲಲ್ಲಿ ಕೂತು ಆ ಪುಡಿಗೆ ನೀರು ಹಾಕಿದೆ. ಗುಳುಗುಳು ಎಂದು ಗುಳ್ಳೆಯೆದ್ದಿತು. ನನ್ನ ಎದೆ ಹಗುರಾಯಿತು. ಸುಣ್ಣ ಕುದಿಯಿತು ಎಂದರೆ ಜೀವ ಇದೆ ಎಂದರ್ಥ. ಹಳೆಯ ಗಡಿಗೆಯದು ಸತ್ತಿತ್ತು, ಇದು ಬದುಕಿದೆ ಎಂದು ಕೈಮುಗಿದೆ. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಧ್ವನಿ ಬಂತು.

"ಬೆಳ್ಳುಳ್ಳಿ ಯಾರೇ ಸುಲೀತಿರೋದು? ಮಡಿ ದಿನ ಅಂತ ಗೊತ್ತಿಲ್ವಾ?"

"ಬೆಳ್ಳುಳ್ಳಿ ಬುಟ್ಟಿ ಅಟ್ಟದ ಮೇಲಿದೆ ಅತ್ತೆ. ಯಾರೂ ಮುಟ್ಟಿಲ್ಲ."

"ನನ್ನ ಕಣ್ಣು ಮಂಜಾಗಿರ್ಬೋದು ಕಣೇ, ಮೂಗು ಹೋಗಿಲ್ಲ. ಹೋಗು, ಇನ್ನೊಂದ್ ಸಲ ನೀರು ಹಾಕ್ಕೊ."

ವಾಸನೆ ನನಗೂ ತಟ್ಟಿತ್ತು, ಪಕ್ಕದ ಮನೆಯ ಒಗ್ಗರಣೆ ಇರಬೇಕೆಂದುಕೊಂಡೆ. ಎದುರಾಡದೆ ಇನ್ನೊಂದು ಸಲ ಸ್ನಾನ ಮಾಡಿದೆ. ಬರುವಷ್ಟರಲ್ಲಿ ಗುಳ್ಳೆ ನಿಂತಿತ್ತು. ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿ ಅರಿಶಿನಕ್ಕೆ ಬಿಟ್ಟೆ. ಕೆಂಪೆಂದರೆ ಎಂಥ ಕೆಂಪು! ಅಂಗೈ ಎತ್ತಿ ನೋಡಿಕೊಂಡೆ, ದಾಸವಾಳದ ಹಾಗಿತ್ತು. ನನ್ನ ತಪ್ಪನ್ನು ಅಮ್ಮ ಮನ್ನಿಸಿದಳೆಂದು ಕಣ್ಣು ತುಂಬಿತು.

ಶುಕ್ರವಾರ ಅರ್ಚನೆಯಾಯಿತು. ಮುತ್ತುಗದ ಎಲೆಯಲ್ಲಿ ಕಟ್ಟಿದ ಇಪ್ಪತ್ತೆರಡು ಪೊಟ್ಟಣ, ಇಪ್ಪತ್ತೆರಡು ಮುತ್ತೈದೆಯರು. ಮೊದಲನೆಯದನ್ನು ಷೆಡ್ಡಿನ ಆ ಬಸುರಿ ಹುಡುಗಿಗೆ ಕೊಟ್ಟೆ. ನನ್ನ ಕೈಯಾರೆ ಹಣೆಗಿಟ್ಟು, "ದಿನಾ ಬೆಳಗ್ಗೆ ಒಂದು ಚಿಟಿಕೆ ನಾಲಿಗೆಗೆ ಹಾಕ್ಕೊ. ಹೆರಿಗೆ ಸಲೀಸಾಗುತ್ತೆ" ಎಂದೆ. ನಮ್ಮ ಕಡೆ ಬಸುರಿಯರಿಗೆ ಹೀಗೆ ಹೇಳುವುದು ವಾಡಿಕೆ. ಅವಳು ಬಗ್ಗಲಾರದೆ ಬಗ್ಗಿ ನನ್ನ ಕಾಲು ಮುಟ್ಟಿದಳು.

ಶನಿವಾರ ಮಧ್ಯಾಹ್ನ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಸರ್ಕಾರಿ ಶಾಲೆಯ ವಿಜ್ಞಾನದ ಮೇಡಂ ಬಾಡಿಗೆಗಿದ್ದಾರೆ. ಕೋಲಾರದವರು, ಮಗಳ ವಯಸ್ಸಿನವರು. ಅರ್ಧ ದಿನದ ಶಾಲೆ ಮುಗಿಸಿ ಬಂದವರು, ಸೋಮವಾರದ ಪಾಠಕ್ಕೆ ಅಡಿಗೆಮನೆಯ ಸಾಮಾನು ಬೇಕು ಎಂದರು. ಪಾಠದ ಹೆಸರು ಭೌತ ಬದಲಾವಣೆ ಮತ್ತು ರಾಸಾಯನಿಕ ಬದಲಾವಣೆ. ತುಪ್ಪ, ಬೆಲ್ಲ, ಹಾಲು, ಮೊಸರು, ನಿಂಬೆಹಣ್ಣು ತಂದು ಹಿತ್ತಲ ಕಟ್ಟೆಯ ಮೇಲಿಟ್ಟೆ.

"ನೀವೇ ಹೇಳಿ ಆಂಟಿ, ತುಪ್ಪ ಕರಗಿದ್ರೆ ಏನಾಗುತ್ತೆ?"

"ಏನಾಗುತ್ತೆ? ಕರಗಿದ ತುಪ್ಪ ಆಗುತ್ತೆ."

"ಅಷ್ಟೇ. ತುಪ್ಪ ತುಪ್ಪವಾಗೇ ಇದೆ. ಅದು ಭೌತ ಬದಲಾವಣೆ. ಹಾಲು ಮೊಸರಾದ್ರೆ?"

"ಹಾಲು ಹೋಯ್ತು. ಇನ್ನು ಕಾಫಿಗೆ ಬರಲ್ಲ."

ಮೇಡಂ ನಕ್ಕರು. "ಹೊಸ ವಸ್ತು ಹುಟ್ಟಿದೆ. ಅದು ರಾಸಾಯನಿಕ."

"ಮೇಡಂ, ಇದನ್ನ ಕಲಿಯೋಕೆ ನೀವು ಮೈಸೂರಿಗೆ ಹೋಗಿ ಓದಿದ್ರಾ? ನಮ್ಮತ್ತೆ ಬೈಕೊಂಡೇ ಕಲಿಸಿಬಿಟ್ರು."

"ಹಂಗಾದ್ರೆ ಪರೀಕ್ಷೆ ಮಾಡ್ತೀನಿ, ಇರಿ" ಎಂದು ಅವರು ನನ್ನ ಆರತಿ ನೀರು ಕೇಳಿದರು. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪು. ಅದಕ್ಕೆ ನಿಂಬೆ ಹಿಂಡಿದರೆ ಮತ್ತೆ ಹಳದಿ. "ತಿರುಗಿ ಬಂದ್ರೆ ಭೌತ, ಬರದಿದ್ರೆ ರಾಸಾಯನಿಕ ಅಂತ ಮಕ್ಕಳು ಬಾಯಿಪಾಠ ಮಾಡಿರ್ತಾರೆ. ಇದು ತಿರುಗಿ ಬರುತ್ತೆ, ಆದ್ರೂ ರಾಸಾಯನಿಕಾನೇ. ತಿರುಗಿ ಬಂತಾ ಅಂತ ನೋಡಿದ್ರೆ ಸಾಲದು. ಒಳಗೆ ಹೊಸದೇನು ಹುಟ್ಟಿತು ಅಂತ ನೋಡ್ಬೇಕು."

ಸುಣ್ಣ ಬೇಕಲ್ಲ. ಒಳಗಿನಿಂದ ಡಬ್ಬಿ ತಂದೆ. ಮೇಲಿನ ಪುಡಿ ಮುಗಿದು ತಳದಲ್ಲಿ ಹರಳೇ ಹೆಚ್ಚಿದ್ದವು. ಒಂದು ಚಮಚ ಬಟ್ಟಲಿಗೆ ಹಾಕಿ ನೀರು ಬಿಟ್ಟೆ. ಗುಳುಗುಳು ಎಂದಿತು.

ಮೇಡಂ ನಗು ನಿಂತಿತು. "ಇದೇನಿದು?"

"ಸುಣ್ಣ. ಜೀವ ಇದೆ, ಕುದೀತಾ ಇದೆ."

"ಆಂಟಿ, ಸುಟ್ಟ ಸುಣ್ಣದ ಕಲ್ಲು ಕುದಿಯುತ್ತೆ. ಒಂದೇ ಒಂದ್ಸಲ. ಕುದಿದು ಹಿಟ್ಟಾದ್ಮೇಲೆ ಅದು ಅರಳಿದ ಸುಣ್ಣ. ಅದಕ್ಕೆ ಎಷ್ಟು ನೀರು ಹಾಕಿದ್ರೂ ಬರೀ ಕೆಸರಾಗುತ್ತೆ, ಒಣಗಿಸಿದ್ರೆ ಮತ್ತೆ ಪುಡಿ. ಭೌತ ಬದಲಾವಣೆ. ಈ ಡಬ್ಬೀಲಿರೋದು ಆಗ್ಲೇ ಪುಡಿ. ಸತ್ತ ಸುಣ್ಣ ಮತ್ತೆ ಕುದಿಯಲ್ಲ." ಬಟ್ಟಲಿನ ಮೇಲೆ ಬಗ್ಗಿದವರು ತಟ್ಟನೆ ಮುಖ ಹಿಂದೆಳೆದರು. "ಬೆಳ್ಳುಳ್ಳಿ ವಾಸನೆ. ಒಳಗೆ ದೀಪ ಉರೀತಿದೆಯಾ?"

"ದೇವರ ಮನೇಲಿದೆ."

"ಆರಿಸಿಬಿಡಿ ಮೊದಲು."

ದೀಪಕ್ಕೆ ಆ ಮಾತು ಆಡಬಾರದು, ದೊಡ್ಡದು ಮಾಡು ಎನ್ನಬೇಕು. ಬೇರೆ ದಿನವಾಗಿದ್ದರೆ ತಿದ್ದುತ್ತಿದ್ದೆ. ಅವರ ಮುಖ ನೋಡಿ ಓಡಿಹೋಗಿ ದೀಪ ದೊಡ್ಡದು ಮಾಡಿ ಬಂದೆ. ಅವರು ಬಟ್ಟಲನ್ನು ಹಿತ್ತಲ ಆ ತುದಿಗೆ ಒಯ್ದಿಟ್ಟು ದೂರ ನಿಂತಿದ್ದರು.

"ಈ ಪುಡಿ ಎಲ್ಲಿಂದ ಬಂತು?"

"ಮಾವಿನ ಷೆಡ್ಡಿಂದ."

ಬೇರೇನೂ ಹೇಳಬೇಕಾಗಲಿಲ್ಲ. ಆ ವಾಸನೆ ನನಗೂ ಗೊತ್ತಿತ್ತು. ಮೇ ತಿಂಗಳಲ್ಲಿ ಆ ಷೆಡ್ಡಿನ ಮುಂದೆ ಹಾದುಹೋಗುವಾಗಲೆಲ್ಲ ಬರುವುದೇ. ಮಾವಿನ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ಕಲ್ಲು ಹಾಕಿ ಮಾಗಿಸಿದ ಹಣ್ಣನ್ನು ಮನೆಯೊಳಗೆ ಸೇರಿಸಿದವಳಲ್ಲ. ಕಾರ್ಬೈಡಿಗೆ ನಾವು ಕಲ್ಲು ಎನ್ನುತ್ತೇವೆ. ಅದನ್ನು ಹಾಕಬಾರದೆಂದು ಸರ್ಕಾರ ನಿಷೇಧಿಸಿದೆ ಎಂಬುದೂ ಗೊತ್ತು. ಗೊತ್ತಿಲ್ಲದಿದ್ದದ್ದು ಒಂದೇ. ಆ ಕಲ್ಲು ಕಾಯಿಯ ಬೆವರು ಕುಡಿದು, ಗಾಳಿ ಬಿಟ್ಟು, ಕೊನೆಗೆ ಬಿಳಿ ಸುಣ್ಣವಾಗಿಯೇ ಕೂರುತ್ತದೆ. ಸುಣ್ಣವೆಂದು ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅದಕ್ಕೇ ಅರಿಶಿನ ಅಷ್ಟು ಚೆನ್ನಾಗಿ ಕೆಂಪಾಗಿತ್ತು.

"ಅದರಲ್ಲಿ ವಿಷದ ಕಸ ಸೇರಿರುತ್ತೆ ಆಂಟಿ. ಆ ವಾಸನೆ ಅದರದ್ದೇ. ಆ ಗಾಳಿಗೆ ಬೆಂಕಿ ತಗುಲಿದ್ರೆ ಭಗ್ ಅಂತ ಹತ್ಕೊಳ್ಳುತ್ತೆ. ಯಾಕೆ ಹಿಂಗೆ ಕೂತ್ಬಿಟ್ರಿ?"

ನಾನು ಕಟ್ಟೆಯ ಮೇಲೆ ಕೂತಿದ್ದೆ. ಹೇಗೆ ಕೂತೆನೋ ನೆನಪಿಲ್ಲ. ಮೇಡಂಗೆ ಕುಂಕುಮದ ವಿಷಯ ಹೇಳಿದೆ.

ಸೋಸಿದ್ರಾ ಎಂದು ಕೇಳಿದರು. ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿದ್ದೆ, ಅದೊಂದು ಪುಣ್ಯ. ಅಡಿಗೆಮನೆಯಲ್ಲಲ್ಲ, ಹಿತ್ತಲಲ್ಲಿ ಕೂತು ಮಾಡಿದ್ದೆ, ಅದೊಂದು ಪುಣ್ಯ. ಅತ್ತೆ ಎರಡನೇ ಸ್ನಾನಕ್ಕೆ ಅಟ್ಟಿದ್ದರಿಂದ ಆ ಗಾಳಿಯೆಲ್ಲ ಹೋಗುವವರೆಗೂ ನಾನು ಅಲ್ಲಿರಲಿಲ್ಲ, ಅದೂ ಒಂದು. ಬೆರಳು ಮಡಿಚುತ್ತಾ ಹೋದೆ. ಆ ಬಸುರಿ ಹುಡುಗಿಯ ನಾಲಿಗೆ ನೆನಪಾಗಿ ಬೆರಳು ನಿಂತಿತು.

"ಎಷ್ಟು ವಿಷ ಇರುತ್ತೆ ಮೇಡಂ?"

"ನಂಗೆ ನಿಜವಾಗ್ಲೂ ಗೊತ್ತಿಲ್ಲ ಆಂಟಿ. ಏನೂ ಆಗದೇನೂ ಇರ್ಬೋದು. ಆದ್ರೆ ಬಸುರಿ ಅಂತೀರಿ. ನಾನಂತೂ ಪರವಾಗಿಲ್ಲ ಅನ್ನಲ್ಲ."

ಅತ್ತೆಯನ್ನೂ ಓರಗಿತ್ತಿಯನ್ನೂ ಕರೆದು ಕೂರಿಸಿದೆವು. ಮೇಡಂ ದೂರದಲ್ಲಿ ಇನ್ನೊಂದು ಹರಳಿಗೆ ನಾಲ್ಕು ಹನಿ ನೀರು ಹಾಕಿ ತೋರಿಸಿದರು. ವಾಸನೆ ಬಂದಾಗ ಅತ್ತೆ ಕಣ್ಣು ಮುಚ್ಚಿ, "ಅವತ್ತಿನ ವಾಸನೇನೇ" ಎಂದರು. ಗೆದ್ದ ದನಿಯಲ್ಲಿ ಹೇಳಲಿಲ್ಲ.

"ಎಲ್ಲಾ ಪೊಟ್ಟಣ ವಾಪಸ್ ತರಬೇಕು" ಎಂದೆ.

ಓರಗಿತ್ತಿ ಎದ್ದು ನಿಂತಳು. "ಅಕ್ಕಾ, ಬುದ್ಧಿ ನೆಟ್ಟಗಿದೆಯಾ? ಕೊಟ್ಟ ಕುಂಕುಮ ವಾಪಸ್ ಕೇಳ್ತಾರಾ ಯಾರಾದ್ರೂ? ಮುತ್ತೈದೆ ಕೈಯಿಂದ? ನಾಳೆ ಯಾರ ಗಂಡಂಗೆ ನೆಗಡಿ ಬಂದ್ರೂ ನಿನ್ ತಲೆಗೇ ಕಟ್ತಾರೆ."

"ಮಾಸಿಹೋಗೋ ಕುಂಕುಮ ಅದು" ಎಂದರು ಅತ್ತೆ ಮೆಲ್ಲಗೆ. "ತಾನೇ ಮುಗಿಯುತ್ತೆ. ಬಸುರಿಗೊಂದು ಹೇಳ್ಬಿಡು, ಸಾಕು. ಉಳಿದೋರಿಗೆ ಹಣೆ ಮೇಲೆ ಇಟ್ಕೊಳ್ಳೋದು ತಾನೆ?"

ನಾನು ದೇವರ ಮನೆಗೆ ಹೋಗಿ ಕೂತೆ. ದೀಪವಿಲ್ಲದ ದೇವರ ಮನೆ. ಅಮ್ಮನ ಪಾದದ ಮೇಲೂ ಅದೇ ಕೆಂಪು ಪುಡಿ ಇತ್ತು. ಮೊದಲು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒರೆಸಿದ ಮೇಲೆ ಒಂದು ಮಾತು ಹೊಳೆಯಿತು. ಕುಂಕುಮವಾಗಿದ್ದರೆ ವಾಪಸ್ ಕೇಳಬಾರದು. ಇದು ಕುಂಕುಮವಾಗಲೇ ಇಲ್ಲವಲ್ಲ. ಕೆಂಪಾಯಿತು, ಅಷ್ಟೇ. ಹೊರಗೆ ಬಂದು, "ಹೋಗ್ತೀನಿ ಅತ್ತೆ. ಬರೀ ಕೈಯಲ್ಲಿ ಹೋಗಲ್ಲ. ಮೊದಲು ಅರಿಶಿನ, ಹೂವು ಕೊಟ್ಟು ಆಮೇಲೆ ಕೇಳ್ತೀನಿ" ಎಂದೆ.

ಅತ್ತೆ ಹಿತ್ತಲಿಗೆ ಹೋಗಿ ಕನಕಾಂಬರ ಬಿಡಿಸಲು ಶುರು ಮಾಡಿದರು.

ಆ ಸಂಜೆ ಹದಿನಾರು ಮನೆ, ಭಾನುವಾರ ಬೆಳಗ್ಗೆ ಐದು. ಹೊಸ್ತಿಲಲ್ಲೇ ನಿಂತು ಅರಿಶಿನ ಕೊಡುತ್ತಿದ್ದೆ, ಹೂವು ಕೊಡುತ್ತಿದ್ದೆ. ಆಮೇಲೆ, "ಶುಕ್ರವಾರ ನಾನು ಕೊಟ್ಟದ್ದು ಕುಂಕುಮ ಅಲ್ಲ. ಸುಣ್ಣ ಅಂತ ಮಾವಿನ ಕಲ್ಲಿನ ಪುಡಿ ಹಾಕಿದ್ದೆ. ತಪ್ಪು ನಂದು, ಗಂಗಮ್ಮಂದಲ್ಲ. ಹಣೆ ತೊಳ್ಕೊಂಡು ಅದನ್ನ ನಂಗೆ ಕೊಟ್ಟುಬಿಡಿ" ಎನ್ನುತ್ತಿದ್ದೆ. ಇದನ್ನು ಮನೆಯಲ್ಲೇ ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿಕೊಂಡಿದ್ದೆ. ಮೊದಲ ಮನೆಯಲ್ಲಿ ಅಳು ಬಂದು ಅರ್ಧಕ್ಕೆ ನಿಂತಿತು.

ಕೆಲವರು ಮಾತಿಲ್ಲದೆ ತಂದುಕೊಟ್ಟರು. ಒಬ್ಬರು ಬಾಗಿಲು ಹಾಕಿಕೊಂಡು, ಆಮೇಲೆ ಕಿಟಕಿಯಿಂದ ಪೊಟ್ಟಣ ಚಾಚಿದರು. ಇಬ್ಬರಿಗೆ ಹಣೆಯಲ್ಲಿ ತುರಿಕೆ ಎದ್ದು, ಅಮ್ಮನ ಕೋಪವೆಂದು ಹೆದರಿ ಕೂತಿದ್ದರು. ಕಾರಣ ತಿಳಿದು ಅವರಿಗೆ ಸಮಾಧಾನವೇ ಆಯಿತು. ಪೂಜಾರಿಯ ತಾಯಿ ಪೊಟ್ಟಣ ಮೂಸಿ ನೋಡಿ, "ಅಲ್ಲಮ್ಮಾ, ಶುಕ್ರವಾರವೇ ನಂಗನ್ನಿಸ್ತು. ಗಂಗಮ್ಮ ಯಾವಾಗಿಂದ ಉಪ್ಪಿನಕಾಯಿ ಹಾಕೋಕೆ ಶುರು ಮಾಡಿದ್ಲು ಅಂತ" ಎಂದರು. ಎರಡು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಇಪ್ಪತ್ತೆರಡನೆಯದೇ ಸಿಗಲಿಲ್ಲ. ಶನಿವಾರ ಮನೆಯಿಂದ ಹೊರಟ ಕೂಡಲೇ ನಾನು ಮೊದಲು ಓಡಿದ್ದು ಷೆಡ್ಡಿಗೆ. ಬಾಗಿಲು ಹಾಕಿತ್ತು, ಒಲೆ ತಣ್ಣಗಿತ್ತು. ಅವತ್ತು ನಸುಕಿಗೇ ವ್ಯಾಪಾರಿಯ ಟೆಂಪೋದಲ್ಲಿ ಗಂಡಹೆಂಡತಿ ಹೊರಟುಹೋಗಿದ್ದರು. ವ್ಯಾಪಾರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಅವನ ಇನ್ನೊಂದು ಷೆಡ್ಡು ಬೈರಕೂರಿನಲ್ಲಿದೆ, ನೀಲಂ ಕಾಯಿ ಅಲ್ಲಿ ಇನ್ನೂ ಇಳಿಯುತ್ತಿದೆ ಎಂಬುದು ಮೈದುನನಿಂದ ತಿಳಿಯಿತು. ಆಗಲೇ ಬಸ್ಸಿಲ್ಲದ ಹೊತ್ತಾಗಿತ್ತು.

ಭಾನುವಾರ ಐದು ಮನೆ ಮುಗಿಸಿ ಬಸ್ಸಿಗೆ ನಿಂತಾಗ ಓರಗಿತ್ತಿ ಓಡಿಬಂದಳು. ಸೀರೆ ಬದಲಿಸಿಕೊಂಡಿದ್ದಳು.

"ನೀನ್ಯಾಕೆ?"

"ಗೋಡೆಗೆ ಅಂತ ಹೇಳ್ದೋಳು ನಾನಲ್ವಾ" ಎಂದಳು. ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿದೆವು.

ಮುಳಬಾಗಿಲಿನಿಂದ ಷೇರ್ ಆಟೋ. ಬೈರಕೂರಿನ ಷೆಡ್ಡು ಊರಾಚೆ ತೋಪಿನ ಅಂಚಿನಲ್ಲಿ. ಆ ಹುಡುಗಿ ಬಾಗಿಲ ಹತ್ತಿರ ಕೂತು ಕಾಯಿ ಆರಿಸುತ್ತಿದ್ದಳು. ಹಣೆಯಲ್ಲಿ ಕಾಸಿನಗಲ ನನ್ನ ಕೆಂಪು. ಅದರ ಸುತ್ತ ಚರ್ಮ ದದ್ದೆದ್ದಿತ್ತು. ನಮ್ಮನ್ನು ನೋಡಿ ಮುಖವರಳಿಸಿ ಏಳಲು ಹೋದಳು.

"ಕೂತ್ಕೊಳ್ಳಮ್ಮಾ. ಪೊಟ್ಟಣ ಎಲ್ಲಿ? ನಾಲಿಗೆಗೆ ಹಾಕ್ಕೊಂಡ್ಯಾ?"

"ನಿನ್ನೆ ಒಂದ್ಸಲ, ಇವತ್ತೊಂದ್ಸಲ. ನಾಲಿಗೆ ಉರೀತದೆ ಅಮ್ಮಾ, ಆದ್ರೂ ಬಿಡ್ಲಿಲ್ಲ. ನೀವು ಹೇಳಿದ್ರಲ್ಲ" ಎಂದಳು, ಮೆಚ್ಚಿಕೊಳ್ಳಲಿ ಎಂಬಂತೆ.

ಕ್ರೇಟು ಹೊತ್ತು ಬಂದ ಅವಳ ಗಂಡ ನಮ್ಮನ್ನು ಕಂಡು ನಿಂತ. ಓರಗಿತ್ತಿ ಅವನ ಮೇಲೆ ಹಾರಲು ಹೊರಟಳು. ನಾನು ಅವಳ ಕೈ ಹಿಡಿದೆ. ಬೈದರೆ ಅವನು ವಾದಕ್ಕೆ ನಿಲ್ಲುತ್ತಾನೆ, ಇಲ್ಲಿ ವಾದಕ್ಕೆ ಹೊತ್ತಿರಲಿಲ್ಲ.

"ಏನಪ್ಪಾ, ಆ ಪೊಟ್ಟಣದಲ್ಲಿದ್ದ ಪುಡಿ ಸುಣ್ಣ ತಾನೆ?"

ಅವನು ತೋಪಿನ ಕಡೆ ನೋಡಿದ. "ಅವುನಮ್ಮಾ. ಸುನ್ನಮೇ."

"ಹಂಗಾದ್ರೆ ಸರಿ ಬಿಡು. ನಾವು ಗೋಡೆಗೆ ಬಳೀಲಿಲ್ಲ. ಅದ್ರಲ್ಲೇ ಗಂಗಮ್ಮನ ಕುಂಕುಮ ಮಾಡ್ದೆ. ನಿನ್ ಹೆಂಡ್ತಿ ಹಣೇಲಿರೋದು ಅದೇ. ಎರಡು ದಿನದಿಂದ ನುಂಗ್ತಾ ಇರೋದೂ ಅದೇ."

ಅವನು ಕ್ರೇಟನ್ನು ಇಳಿಸಲಿಲ್ಲ. ಕೈ ಬಿಟ್ಟ, ಅದು ಬಿತ್ತು. ಕಾಯಿಗಳು ನಮ್ಮ ಕಾಲ ಸುತ್ತ ಉರುಳಿದವು. ಹೆಗಲ ಮೇಲಿನ ಟವಲು ಎಳೆದುಕೊಂಡು, ಡ್ರಮ್ಮಿನ ನೀರಿನಲ್ಲಿ ಅದ್ದಿ, ಹೆಂಡತಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವಳ ಹಣೆ ಒರೆಸಲು ಶುರು ಮಾಡಿದ.

"ಏಂ ಚೇಸ್ತಾವಯ್ಯಾ ನುವ್ವು" ಎಂದು ಅವಳು ಕಿರುಚಿ ಎರಡೂ ಕೈಯಿಂದ ಹಣೆ ಮುಚ್ಚಿಕೊಂಡಳು. ಏನು ಮಾಡ್ತಿ ನೀನು ಎಂದು. ಬದುಕಿರುವ ಗಂಡ ತನ್ನ ಕೈಯಾರೆ ಹೆಂಡತಿಯ ಕುಂಕುಮ ಒರೆಸುವುದನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ಓರಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು. ಅವನು ಅವಳ ಕೈಗಳನ್ನು ಸರಿಸಿ, ಟವಲನ್ನು ಮತ್ತೆ ಅದ್ದಿ, ಚರ್ಮ ಬೆಳ್ಳಗಾಗುವವರೆಗೂ ಒರೆಸಿದ. ಬೈತಲೆಯನ್ನೂ ಒರೆಸಿದ.

"ಸುನ್ನಂ ಕಾದಮ್ಮಾ" ಎಂದ ಕೊನೆಗೆ, ನನ್ನ ಕಡೆ ನೋಡದೆ. ಸುಣ್ಣ ಅಲ್ಲ ಎಂದು. "ಕಲ್ಲು."

ಆಟೋ ಹಿಡಿದು ನಾಲ್ವರೂ ಮುಳಬಾಗಿಲಿಗೆ ಬಂದೆವು. ದಾರಿಯುದ್ದಕ್ಕೂ ಹುಡುಗಿ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತಿದ್ದಳು. ನಾನು ಅರಿಶಿನ ಹಚ್ಚಲು ಹೋದರೆ ಮುಖ ತಿರುಗಿಸಿದಳು. ಒತ್ತಾಯ ಮಾಡಲು ನನಗೆ ಯಾವ ಮುಖವಿತ್ತು?

ಆಸ್ಪತ್ರೆಯಲ್ಲಿ ಭಾನುವಾರದ ಡ್ಯೂಟಿಯ ಡಾಕ್ಟರಮ್ಮ ಇದ್ದರು. ಏನು ತಿಂದಿದ್ದಾಳೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ. ಮಾವು ಮಾಗಿಸುವ ಕಲ್ಲಿನ ಪುಡಿ.

"ಹೇಗೆ ಗೊತ್ತು? ನೋಡಿದ್ಯಾ?"

"ನೇನೇ ಪೆಟ್ಟಿನಾನಮ್ಮಾ" ಎಂದ. ನಾನೇ ಇಟ್ಟದ್ದು ಎಂದು. ಡಾಕ್ಟರಮ್ಮ ಅವನನ್ನೊಮ್ಮೆ ನೋಡಿ ಚೀಟಿಯಲ್ಲಿ ಬರೆದುಕೊಂಡರು.

ನಾಲಿಗೆ ನೋಡಿದರು, ಅಂಚಿನಲ್ಲಿ ಸ್ವಲ್ಪ ಸುಟ್ಟಂತಿತ್ತು. ರಕ್ತ ತೆಗೆದುಕೊಂಡರು. ಎಷ್ಟು ಎಂದರೆ ಎಷ್ಟು ಎಂದು ಕೇಳಿ, ನನ್ನ ಬೆರಳಿನಿಂದಲೇ ಚಿಟಿಕೆ ಮಾಡಿಸಿ ನೋಡಿದರು. ಆಮೇಲೆ ಹೊಟ್ಟೆಯ ಮೇಲೆ ಮಗುವಿನ ಎದೆಬಡಿತ ಕೇಳಿಸುವ ಪುಟ್ಟ ಮೆಷಿನ್ನು ಇಟ್ಟರು. ಕರಕರ ಸದ್ದು. ಇನ್ನೊಂದು ಕಡೆ ಇಟ್ಟರು. ಮತ್ತೆ ಕರಕರ. ನಾನು ಗಂಗಮ್ಮನನ್ನು ಕರೆಯಲು ಹೋದೆ, ಹೆಸರೇ ಬಾಯಿಗೆ ಬರಲಿಲ್ಲ. ಮೂರನೆಯ ಕಡೆ ಇಟ್ಟಾಗ ಟಕಟಕ ಟಕಟಕ ಎಂದು ಕೇಳಿಸಿತು, ಒದ್ದೆ ಬಟ್ಟೆಯೊಳಗೆ ಯಾರೋ ಓಡುತ್ತಿರುವ ಹಾಗೆ.

"ಈಗ ಎಲ್ಲಾ ಸರಿ ಇದೆ" ಎಂದರು ಡಾಕ್ಟರಮ್ಮ. "ಇವತ್ತು ಇಲ್ಲೇ ಇರ್ಲಿ. ಹದಿನೈದು ದಿನ ಬಿಟ್ಟು ಮತ್ತೆ ತೋರಿಸ್ಬೇಕು. ಈಗಲೇ ಏನೂ ಇಲ್ಲ ಅಂತ ನಾನು ಬರೆದುಕೊಡಲ್ಲ."

ಹೊರಡುವಾಗ ಹುಡುಗಿ ಸೆರಗಿನ ಗಂಟು ಬಿಚ್ಚಿ ಮುತ್ತುಗದ ಎಲೆಯ ಪೊಟ್ಟಣವನ್ನು ನನ್ನ ಕೈಗಿಟ್ಟಳು.

ಬಸ್ಸು ಮುಳಬಾಗಿಲು ದಾಟಿದ ಮೇಲೆ ಓರಗಿತ್ತಿ ಕೇಳಿದಳು. "ಇಪ್ಪತ್ತೆರಡೂ ಬಂತಲ್ಲ ಅಕ್ಕಾ?"

ನಾನು ಪೊಟ್ಟಣವನ್ನು ಬಿಚ್ಚಿ ನೋಡಿದೆ. ಬಂದಿತ್ತು. ಎರಡು ಚಿಟಿಕೆ ಕಡಿಮೆ ಇತ್ತು.